ಗಾಳಿ ದೋಣಿಯ ಎರಡನೇ ಸೀಟು

ಅಣೆಕಟ್ಟೆ ಕಚೇರಿಯ ನೌಕರರಿಗೆ ಮೇಲಿನವರು ಒಂದು ವಾಕ್ಯ ಕೊಟ್ಟಿದ್ದಾರೆ. ಹೊರಗಿನವರು ಯಾರೇ ನೀರಿನ ವಿಷಯ ಎತ್ತಿದರೂ ಅದನ್ನೇ ಹೇಳಬೇಕು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ವಾಕ್ಯ ಇದು: 'ಸದ್ಯಕ್ಕೆ ಗಾಬರಿಪಡುವ ಅಗತ್ಯವಿಲ್ಲ.' ಹಿಂದೆ ಯಾವನೋ ಒಬ್ಬ ನೌಕರ ಚಹಾದಂಗಡಿಯಲ್ಲಿ ಬಾಯಿಗೆ ಬಂದದ್ದು ಮಾತಾಡಿ, ಊರಿಗೆ ಊರೇ ಗಂಟುಮೂಟೆ ಕಟ್ಟಿಕೊಂಡು ಗುಡ್ಡ ಹತ್ತಿತ್ತಂತೆ. ಅಂದಿನಿಂದ ಈ ಏರ್ಪಾಡು.

ನಮ್ಮ ಗುಮಾಸ್ತರು ಆ ಕಚೇರಿಯಲ್ಲಿ ನೀರಿನ ಮಟ್ಟದ ವಿಭಾಗದವರು. ದಿನಾ ಬೆಳಗ್ಗೆ ಅಣೆಕಟ್ಟೆಯ ಕಾವಲುಗಾರ ಫೋನು ಮಾಡಿ ಒಂದು ಸಂಖ್ಯೆ ಹೇಳುತ್ತಾನೆ, ಇವರು ಅದನ್ನು ಒಂದು ಚೀಟಿಯಲ್ಲಿ ಬರೆದು ಮೇಲಕ್ಕೆ ಕಳಿಸುತ್ತಾರೆ. ಮೇಲೆ ಅದನ್ನು ಯಾರೂ ಓದುವುದಿಲ್ಲ. ಇಷ್ಟೇ ಕೆಲಸ. ಆದರೆ ವಾಕ್ಯ ಮಾತ್ರ ಇವರ ನಾಲಿಗೆಗೆ ಅಂಟಿಹೋಗಿತ್ತು. ಮನೆಯಲ್ಲಿ ಗ್ಯಾಸ್ ತೀರುತ್ತಾ ಬಂತಲ್ಲ ಎಂದು ಹೆಂಡತಿ ಕೇಳಿದರೂ ಅದೇ ಉತ್ತರ. ತಂದೆ ಆಸ್ಪತ್ರೆಯಲ್ಲಿದ್ದಾಗ ವರಾಂಡದಲ್ಲಿ ನಿಂತ ನೆಂಟರು ಹೇಗಿದ್ದಾರೆ ಎಂದರೂ ಅದೇ ಉತ್ತರ. ಮುದುಕರು ಅವತ್ತೇ ಸಂಜೆ ತೀರಿಕೊಂಡರು. ಅಲ್ಲಿಂದ ಮುಂದೆ ನೆಂಟರಲ್ಲೂ ಬೀದಿಯಲ್ಲೂ ಒಂದು ತಿಳಿವಳಿಕೆ ಬೇರೂರಿತು: ಇವರ ಬಾಯಿಂದ ಆ ಮಾತು ಬಂದರೆ ಏನೋ ಕೈಮೀರಿದೆ ಎಂದೇ ಲೆಕ್ಕ.

ಇಂಥ ಮನುಷ್ಯ ದೋಣಿ ಕೊಳ್ಳುವ ಮಾತಾಡಿದ್ದು ಕಚೇರಿಯ ಊಟದ ಹೊತ್ತಿನಲ್ಲಿ. ಭಾನುವಾರ ಯಾರು ಯಾರು ಏನು ಮಾಡುತ್ತಾರೆ ಎಂಬ ಮಾತು ಬಂದಿತ್ತು. ಒಬ್ಬರು ಸೈಕಲ್ ಹೊಡೆಯುತ್ತಾರಂತೆ, ಒಬ್ಬರು ಗುಲಾಬಿ ಬೆಳೆಸುತ್ತಾರಂತೆ, ಟಪಾಲು ನೋಡಿಕೊಳ್ಳುವವನಂತೂ ಕೊಳಲು ಕಲಿಯುತ್ತಿದ್ದಾನಂತೆ. ಇವರ ಸರದಿ ಬರುವ ಹೊತ್ತಿಗೆ ಎಲ್ಲರೂ ಡಬ್ಬಿ ಮುಚ್ಚತೊಡಗಿದ್ದರು. ಇವರನ್ನು ಕೇಳಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಆಗ ಇವರೇ, ಕೇಳದೆಯೇ, ತಾನೊಂದು ಗಾಳಿ ತುಂಬುವ ದೋಣಿ ತೆಗೆದುಕೊಳ್ಳುತ್ತಿದ್ದೇನೆ, ಅದಕ್ಕೆ ಕಯಾಕ್ ಎನ್ನುತ್ತಾರೆ, ಕೆರೆಯಲ್ಲಿ ಹುಟ್ಟು ಹಾಕಿಕೊಂಡು ಓಡಾಡುತ್ತೇನೆ ಎಂದುಬಿಟ್ಟರು. ಹಿಂದಿನ ದಿನ ಕ್ಷೌರದಂಗಡಿಯ ಹಳೆಯ ಪತ್ರಿಕೆಯೊಂದರಲ್ಲಿ ಅದರ ಚಿತ್ರ ನೋಡಿದ್ದರು, ಅಷ್ಟೇ ಅವರ ಬಂಡವಾಳ. ಆದರೆ ಅಷ್ಟೂ ಜನ ಡಬ್ಬಿಯ ಮೇಲೆ ಕೈಯಿಟ್ಟುಕೊಂಡೇ ಇವರತ್ತ ತಿರುಗಿದರು. ಇವರನ್ನು ಒಟ್ಟಿಗೆ ಅಷ್ಟು ಕಣ್ಣು ನೋಡಿದ್ದು ಅದೇ ಮೊದಲು. ಇನ್ನು ದೋಣಿ ಕೊಳ್ಳದೆ ಗತ್ಯಂತರವಿರಲಿಲ್ಲ.

ಆಟದ ಸಾಮಾನಿನ ಅಂಗಡಿಯಲ್ಲಿ ಇವರಿಗೆ ಸಿಕ್ಕ ಮಾರಾಟಗಾರ ತಾನು ಯಾವತ್ತೂ ನೀರಿಗಿಳಿದವನಲ್ಲ. ಮುಖ ನೋಡಿದರೆ ಈಗತಾನೆ ಯಾರನ್ನೋ ಮಣ್ಣು ಮಾಡಿ ಬಂದವನ ಹಾಗಿದ್ದ. ಇಬ್ಬರಿಗೂ ಮೊದಲ ಮಾತಿನಲ್ಲೇ ಒಗ್ಗಿಹೋಯಿತು. ನದಿಗೋ ಕೆರೆಗೋ, ಜೋರಾಗಿ ಹೋಗಬೇಕೋ ಸುಮ್ಮನೆ ತೇಲಬೇಕೋ ಎಂದು ಅವನು ವಿಚಾರಿಸಿದ. ಕೆರೆಗೆ, ಸುಮ್ಮನೆ ಎಂದು ಇವರು ಹೇಳಿದರು. ಹಾಗಾದರೆ ತೆಳ್ಳಗೆ ಉದ್ದಕ್ಕಿರುವುದು ಬೇಡ, ಅದು ಬೇಗ ಹೋಗುತ್ತದೆ, ಬೇಗ ಮಗುಚುತ್ತದೆ. ಅಗಲವಾದದ್ದು ನಿಧಾನ, ಆದರೆ ಅಲ್ಲಾಡುವುದಿಲ್ಲ, ನಿಮ್ಮಂಥವರಿಗೆ ಅದೇ ಸರಿ ಎಂದ. ತಳವೂ ಗಟ್ಟಿಯಾಗಿ ಗಾಳಿ ಹಿಡಿಯುವಂಥದ್ದಿರಬೇಕು, ಇಲ್ಲದಿದ್ದರೆ ಕೂತ ಜಾಗ ಕುಸಿದು ಹಳೆಯ ಮಂಚದಲ್ಲಿ ಮಲಗಿದಂತಾಗುತ್ತದೆ ಎಂದ. ಗಾಳಿಯ ಅರೆಗಳು ಮೂರಿವೆ, ಒಂದು ಒಡೆದರೂ ಇನ್ನೆರಡು ಎತ್ತಿ ಹಿಡಿಯುತ್ತವೆ ಎಂದ.

"ಮೂರೂ ಒಡೆದ್ರೆ?" ಎಂದರು ಗುಮಾಸ್ತರು.

"ಆವಾಗ ಜಾಕೆಟ್ ಇರುತ್ತೆ ಸಾರ್."

"ಜಾಕೆಟ್ ಬಿಚ್ಕೊಂಡ್ರೆ?"

ಮಾರಾಟಗಾರ ಒಂದು ಕ್ಷಣ ಇವರನ್ನು ಗೌರವದಿಂದ ನೋಡಿದ. ಈ ದಿಕ್ಕಿನಲ್ಲಿ ಯೋಚಿಸುವ ಗಿರಾಕಿ ಅವನಿಗೆ ಈವರೆಗೆ ಸಿಕ್ಕಿರಲಿಲ್ಲ. ಅದರ ಮೇಲೆ ಅವನು ತನ್ನೆದೆಯಲ್ಲಿದ್ದುದನ್ನೆಲ್ಲ ಬಿಚ್ಚಿ ಹೇಳಿದ: ಬಿಸಿಲಲ್ಲಿ ಬಿಟ್ಟರೆ ಗಾಳಿ ಹಿಗ್ಗಿ ಹೊಲಿಗೆ ಬಿಡುತ್ತದೆ, ಒದ್ದೆಯಾಗಿ ಮಡಿಚಿಟ್ಟರೆ ಬೂಸಲು ಹಿಡಿಯುತ್ತದೆ, ಬದಿಯಲ್ಲಿ ಅಚ್ಚು ಹಾಕಿದ ತೂಕದ ಮಿತಿಯನ್ನು ಪೂರ್ತಿ ನಂಬಬಾರದು, ಮನೆಯಲ್ಲೇ ಗಾಳಿ ತುಂಬಿ ಒಂದು ದಿನ ಬಿಟ್ಟು ಸೋರುತ್ತದೆಯೇ ನೋಡದೆ ನೀರಿಗೆ ಒಯ್ಯಲೇಬಾರದು. ಇಬ್ಬರ ಮನಸ್ಸೂ ಹಗುರಾಯಿತು. ಆಮೇಲೆ ಅವನು ಕೊನೆಯ ಪ್ರಶ್ನೆ ಕೇಳಿದ. ಒಂದು ಸೀಟಿನದೋ, ಎರಡು ಸೀಟಿನದೋ?

ಇದನ್ನು ಮಾತ್ರ ನಮ್ಮ ಗುಮಾಸ್ತರು ಯೋಚಿಸಿರಲಿಲ್ಲ. ಒಂದು ಸೀಟಿನದು ಹಗುರ, ಒಬ್ಬರೇ ಹೊತ್ತೊಯ್ಯಬಹುದು. ಎರಡು ಸೀಟಿನದು ಭಾರ, ಹೊರಲೂ ಇಬ್ಬರು ಬೇಕು, ಹುಟ್ಟು ಹಾಕಲೂ ಇಬ್ಬರು ಬೇಕು. ಬುದ್ಧಿಯಿದ್ದವನು ಒಂದು ಸೀಟಿನದನ್ನು ತೆಗೆದುಕೊಂಡು ಮನೆಗೆ ಹೋಗುತ್ತಿದ್ದ. ಆದರೆ ಪಕ್ಕದಲ್ಲಿ ಟೆಂಟು ನೋಡುತ್ತಿದ್ದ ಒಂದು ಸಂಸಾರ ಮಾತು ನಿಲ್ಲಿಸಿ ಇವರತ್ತಲೇ ನೋಡುತ್ತಿತ್ತು. ಅಷ್ಟು ಜನರೆದುರು ತನಗೆ ಜೊತೆಗ್ಯಾರೂ ಇಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಎರಡು ಸೀಟಿನದೇ ಇರಲಿ ಎಂದರು. ಇನ್ನೊಬ್ಬರ ತೂಕ ಎಷ್ಟು ಎಂದು ಮಾರಾಟಗಾರ ಕೇಳಿದ. ಅದಿನ್ನೂ ಗೊತ್ತಾಗಿಲ್ಲ ಎಂದು ಇವರು ಹೇಳಿದರು. ಅವನು ಮತ್ತೆ ಕೇಳಲಿಲ್ಲ. ದುಃಖ ಅರ್ಥವಾಗುವ ಮನುಷ್ಯ.

ಹೀಗೆ ದೋಣಿ ಬಂತು, ಇನ್ನು ಎರಡನೇ ಸೀಟಿಗೆ ಜನ ಬೇಕಾಯಿತು. ಮೊದಲು ಟಪಾಲಿನವನನ್ನು ಕೇಳಿದರು. ಅವನಿಗೆ ಕೊಳಲಿನ ಪಾಠ. ಅಣ್ಣನನ್ನು ಕೇಳಿದರು. ಅಣ್ಣನದು ಕನ್ನಡಕದ ಅಂಗಡಿ, ಭಾನುವಾರವೇ ವ್ಯಾಪಾರ, ನಿನಗೆ ಬೇರೆ ಕೆಲಸವಿಲ್ಲವೇ ಎಂದು ಫೋನಿಟ್ಟ. ಕೆಳಮಹಡಿಯ ನಿವೃತ್ತ ಮೇಷ್ಟ್ರು ಬೆನ್ನುನೋವು ಎಂದರು. ಹೇಳುವಾಗ ನೆಟ್ಟಗೆ ನಿಂತಿದ್ದರು. ಮನೆ ಮಾಲೀಕರು ಇವರ ಮಾತನ್ನು ಪೂರ್ತಿ ಕೇಳಲೇ ಇಲ್ಲ. ಬಚ್ಚಲಿನ ನಲ್ಲಿ ಸೋರುವ ವಿಷಯ ಹೇಳಲು ಬಂದಿದ್ದಾರೆಂದುಕೊಂಡು, ಮುಂದಿನ ತಿಂಗಳು ನೋಡೋಣ ಎಂದು ಬಾಗಿಲು ಹಾಕಿಕೊಂಡರು.

ಮನೆಯಲ್ಲಿ ಹೆಂಡತಿ ಇದ್ದರಲ್ಲ ಎಂದು ನೀವು ಕೇಳಬಹುದು. ಇದ್ದರು. ಹಜಾರದ ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡು ಊರವರ ಪರದೆ, ದಿಂಬಿನ ಚೀಲ ಹೊಲಿಯುತ್ತಾ ಬೆಳಗಿನಿಂದ ಸಂಜೆಯವರೆಗೂ ಅಲ್ಲೇ ಇದ್ದರು. ನಮ್ಮ ಗುಮಾಸ್ತರಿಗೆ ಅದು ಹೊಳೆಯಲಿಲ್ಲ, ಅಷ್ಟೇ. ಯಾರೂ ಬರುತ್ತಿಲ್ಲ, ಯಾರೂ ಬರುತ್ತಿಲ್ಲ ಎಂದು ಅವರು ಪೇಚಾಡಿಕೊಳ್ಳುತ್ತಿದ್ದುದೂ ಆ ಯಂತ್ರದ ಪಕ್ಕದಲ್ಲೇ ನಿಂತು.

ಮಾರಾಟಗಾರ ಹೇಳಿದಂತೆ ದೋಣಿಯನ್ನು ಪರೀಕ್ಷಿಸಬೇಕಲ್ಲ. ಒಂದು ಸಂಜೆ ಹಜಾರದ ಕುರ್ಚಿಗಳನ್ನೆಲ್ಲ ಗೋಡೆಗೆ ಸರಿಸಿ, ದೋಣಿಯನ್ನು ಹಾಸಿ, ಪಂಪು ಹಿಡಿದರು. ಆ ಪಂಪು ಎಳೆದಾಗ ಒಂದು ಸಲ, ಒತ್ತಿದಾಗ ಒಂದು ಸಲ ಕೆಮ್ಮುತ್ತಿತ್ತು. ಹೊರಗೆ ಕೆಲವು ದಿನಗಳಿಂದ ಬಿಡದ ಮೋಡ, ಆಗಾಗ ಹನಿ. ದೋಣಿ ಎದ್ದು ನಿಂತಾಗ ಹಜಾರದ ಈ ಗೋಡೆಯಿಂದ ಆ ಗೋಡೆಗೆ ಮುಟ್ಟಿತು. ಕಿತ್ತಳೆ ಬಣ್ಣ. ಇವರು ಜಾಕೆಟ್ ತೊಟ್ಟು, ಹುಟ್ಟು ಹಿಡಿದು, ಹಿಂದಿನ ಸೀಟಿನಲ್ಲಿ ಕೂತು ನೋಡುತ್ತಿದ್ದರು. ಅಷ್ಟರಲ್ಲಿ ತಲೆಯ ಮೇಲೆ ಇದೇನು ಸದ್ದು ಎಂದು ಜಗಳವಾಡಲು ಕೆಳಗಿನ ಮೇಷ್ಟ್ರು ಮೇಲೆ ಬಂದರು.

ಬಾಗಿಲು ತೆರೆದೇ ಇತ್ತು. ಮೇಷ್ಟ್ರು ಕಂಡದ್ದು ಇಷ್ಟು: ಆಕಾಶದಲ್ಲಿ ಮೋಡ, ಮೂರನೇ ಮಹಡಿಯ ಹಜಾರದಲ್ಲಿ ದೋಣಿ, ದೋಣಿಯೊಳಗೆ ಜೀವರಕ್ಷಕ ಜಾಕೆಟ್ ತೊಟ್ಟ ಅಣೆಕಟ್ಟೆ ಕಚೇರಿಯ ನೌಕರ. ಅವರಿಗೆ ಜಗಳ ಮರೆತೇಹೋಯಿತು.

"ಏನ್ರೀ ಇದು, ನೀರು ಬರುತ್ತಾ?" ಎಂದರು.

ನೀರು ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ನಮ್ಮ ಗುಮಾಸ್ತರ ನಾಲಿಗೆ ತನ್ನ ಪಾಡಿಗೆ ತಾನು ಹೊರಳಿತು.

"ಸದ್ಯಕ್ಕೆ ಗಾಬರಿಪಡುವ ಅಗತ್ಯವಿಲ್ಲ."

ಮೇಷ್ಟ್ರ ಮುಖದಲ್ಲಿ ರಕ್ತವೆಂಬುದು ಉಳಿಯಲಿಲ್ಲ. ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದರು. ಅವರ ಬೆನ್ನುನೋವು ಅವತ್ತೇ ವಾಸಿಯಾಯಿತು ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಸ್ವಲ್ಪ ಹೊತ್ತಿಗೆಲ್ಲ ಅವರು ಅಕ್ಕಪಕ್ಕದ ಅಷ್ಟೂ ಬಾಗಿಲು ತಟ್ಟಿ ಮುಗಿಸಿದ್ದರು.

ಮಾರನೇ ದಿನ ನಲ್ಲಿ ರಿಪೇರಿಯವನು ತಾನಾಗಿಯೇ ಬಂದ. ಮಾಲೀಕರು ಕಳಿಸಿದ್ದಂತೆ. ಬಚ್ಚಲಿನ ನಲ್ಲಿಯ ಜೊತೆಗೆ ಅಡುಗೆಮನೆಯದನ್ನೂ ಕೇಳದೆಯೇ ಬದಲಿಸಿದ. ಹಿಂದೆಯೇ ಮಾಲೀಕರೂ ಬಂದು ದೋಣಿಯನ್ನು ಎರಡು ಸುತ್ತು ಸುತ್ತಿ, ಬದಿಯಲ್ಲಿ ಅಚ್ಚಾದ ತೂಕದ ಮಿತಿಯನ್ನು ಕನ್ನಡಕ ಹಾಕಿಕೊಂಡು ಓದಿ, ತಾನು ನೋಡಲು ದಪ್ಪಗಿದ್ದರೂ ಮೂಳೆ ತೆಳು ಎಂದರು. ಮೇಷ್ಟ್ರು ಎಂದೋ ಒಯ್ದು ಮರೆತಿದ್ದ ಏಣಿಯನ್ನು ತಂದು ಒಪ್ಪಿಸಿ, ತಾವು ರಾತ್ರಿಯೂಟ ಬಿಟ್ಟಿರುವುದನ್ನು ಗಮನಕ್ಕೆ ತಂದರು. ಅಣ್ಣ ಅಂಗಡಿಗೆ ಬೀಗ ಹಾಕಿ ಬಂದ. ತಂದೆ ತೀರಿಕೊಂಡ ಮೇಲೆ ಅವನು ಈ ಮನೆಯ ಮೆಟ್ಟಿಲು ಹತ್ತಿದ್ದು ಇದೇ ಮೊದಲು. ಬಂದವನೇ ತಮ್ಮನ ಹೆಗಲ ಮೇಲೆ ಕೈಯಿಟ್ಟು, ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಹೊದಿಕೆಯಲ್ಲಿ ಮಲಗುತ್ತಿದ್ದುದನ್ನು ನೆನಪಿಸಿದ. ಹೊದಿಕೆ ಯಾವಾಗಲೂ ಅವನ ಕಡೆಗೇ ಇರುತ್ತಿತ್ತು ಎಂಬುದು ಇವರಿಗೂ ನೆನಪಿತ್ತು, ಆದರೆ ಆಡಲಿಲ್ಲ.

ನಮ್ಮ ಗುಮಾಸ್ತರು ಮೋಸಗಾರರಲ್ಲ. ಅಣ್ಣನಿಗಂತೂ ನಿಜ ಹೇಳಿಯೇ ಹೇಳಿದರು. ಪ್ರವಾಹವೂ ಇಲ್ಲ, ಮಣ್ಣೂ ಇಲ್ಲ, ದೋಣಿ ಸುಮ್ಮನೆ ಮೋಜಿಗೆ ತಂದದ್ದು ಎಂದರು. ಅಣ್ಣ ಅವರ ಮುಖವನ್ನೇ ದಿಟ್ಟಿಸಿದ.

"ನೀನು? ಮೋಜಿಗೆ?" ಎಂದ. "ಯಾರ ಹತ್ರ ಹೇಳ್ತಿದ್ದೀಯ ಕಣೋ. ಹುಟ್ಟಿದಾಗ್ನಿಂದ ನೋಡಿದ್ದೀನಿ ನಿನ್ನ."

ಮೇಷ್ಟ್ರಿಗೆ ಹೇಳಿದಾಗಲೂ ಅಷ್ಟೇ, ಮಾಲೀಕರಿಗೆ ಹೇಳಿದಾಗಲೂ ಅಷ್ಟೇ. ಅಣೆಕಟ್ಟೆ ಒಡೆಯುತ್ತದೆ ಎಂಬುದನ್ನು ಎಲ್ಲರೂ ನಂಬಿದರು. ಈ ಮನುಷ್ಯ ಒಂದು ಭಾನುವಾರ ಖುಷಿಯಾಗಿರಲು ಬಯಸಿದ್ದಾನೆ ಎಂಬುದನ್ನು ಒಬ್ಬರೂ ನಂಬಲಿಲ್ಲ. ಗುಮಾಸ್ತರಿಗೆ ಇದರಿಂದ ಬೇಸರವಾಯಿತು. ಆದರೆ ಬೇಸರಪಡಲು ಪುರುಸೊತ್ತಿರಲಿಲ್ಲ. ದಿನಾ ಸಂಜೆ ಹಜಾರ ತುಂಬುತ್ತಿತ್ತು. ಬಂದವರು ಇವರ ಮಾತಿಗೆ ನಗುತ್ತಿದ್ದರು, ಆರೋಗ್ಯ ವಿಚಾರಿಸುತ್ತಿದ್ದರು, ಹೋಗುವಾಗ ಒಬ್ಬೊಬ್ಬರಾಗಿ ಬಾಗಿಲ ಬಳಿ ಹಿಂದುಳಿದು, ಆ ಮುಂದಿನ ಸೀಟು ನನಗೇ ತಾನೇ ಎಂದು ಪಿಸುಗುಟ್ಟುತ್ತಿದ್ದರು. ಇಲ್ಲ ಎನ್ನಲು ಇವರಿಗೆ ಮನಸ್ಸು ಬಾರದು. ಇಲ್ಲ ಎಂದರೆ ನಾಳೆ ಈ ಜನ ಬರುತ್ತಾರೆಯೇ? ಹಾಗಾಗಿ ಪ್ರತಿಯೊಬ್ಬರಿಗೂ ತಲೆಯಾಡಿಸಿದರು. ಹೊಲಿಗೆ ಯಂತ್ರ ಮಾತ್ರ ಪ್ರತಿ ಪಿಸುಮಾತಿಗೂ ಒಂದು ಗಳಿಗೆ ನಿಂತು, ಮತ್ತೆ ಶುರುವಾಗುತ್ತಿತ್ತು.

ಇಂಥ ಸುದ್ದಿ ಕಚೇರಿ ಮುಟ್ಟದೆ ಇರುತ್ತದೆಯೇ? ಇಂಜಿನಿಯರ್ ಸಾಹೇಬರು ಕರೆಸಿದರು. ಕೆಲಸ ಹೋಯಿತೆಂದುಕೊಂಡೇ ಗುಮಾಸ್ತರು ಒಳಗೆ ಹೋದರು. ಸಾಹೇಬರು ಎದ್ದು ಬಂದು ಬಾಗಿಲು ಹಾಕಿದರು. ಕುರ್ಚಿ ತೋರಿಸಿದರು. ಆಮೇಲೆ ತಗ್ಗಿದ ದನಿಯಲ್ಲಿ ಮಟ್ಟ ಎಷ್ಟಿದೆ ಎಂದರು. ದಿನಾ ಚೀಟಿ ಕಳಿಸುತ್ತಿದ್ದೇನಲ್ಲ ಎನ್ನಲು ಹೋಗಿ ಗುಮಾಸ್ತರು ನಾಲಿಗೆ ಕಚ್ಚಿಕೊಂಡು, ಅರ್ಧಕ್ಕಿಂತ ಎಷ್ಟೋ ಕೆಳಗಿದೆ, ಹೋದ ವರ್ಷಕ್ಕಿಂತಲೂ ಕಡಿಮೆ ಎಂದರು. ಹಾಗಾದರೆ ದೋಣಿ ಯಾಕೆ ಎಂದು ಸಾಹೇಬರು ಕೇಳಿದರು. ಭಾನುವಾರಕ್ಕೆ ಎಂದರು ಇವರು.

ಸಾಹೇಬರು ಕಿಟಕಿಯಾಚೆ ಮೋಡವನ್ನು ನೋಡುತ್ತಾ ಬಹಳ ಹೊತ್ತು ಯೋಚಿಸಿದರು. ಅವರದು ತರಬೇತಿ ಪಡೆದ ತಲೆ. ಮಟ್ಟ ಕೆಳಗಿದೆ ಎಂದು ಹೇಳುವವನು ಯಾರು? ಫೋನಿನಲ್ಲಿರುವ ಕಾವಲುಗಾರ. ಆ ಕಾವಲುಗಾರನನ್ನು ಕಂಡವರು ಯಾರು? ಈ ಕಚೇರಿಯಲ್ಲಿ ಅಣೆಕಟ್ಟೆಯನ್ನು ಕಣ್ಣಾರೆ ಕಂಡವರಾದರೂ ಯಾರು? ಈ ಪ್ರಶ್ನೆಗಳು ಇಷ್ಟು ವರ್ಷ ಯಾರನ್ನೂ ಕಾಡಿರಲಿಲ್ಲ, ಈಗ ಒಟ್ಟಿಗೆ ಕಾಡಿದವು. ಎಲ್ಲ ತಿಳಿದ ಮಟ್ಟದ ಗುಮಾಸ್ತನೇ ದೋಣಿ ಕೊಂಡಿದ್ದಾನೆ ಎಂದ ಮೇಲೆ ಸಂಖ್ಯೆಯನ್ನು ನಂಬಬೇಕೋ ದೋಣಿಯನ್ನು ನಂಬಬೇಕೋ? ಸಾಹೇಬರು ದೋಣಿಯನ್ನು ನಂಬಿದರು. ಕೂಡಲೇ ಜನರಲ್ಲಿ ಧೈರ್ಯ ತುಂಬಲು, ಧ್ವನಿವರ್ಧಕ ಕಟ್ಟಿದ ವ್ಯಾನೊಂದನ್ನು ಬೀದಿ ಬೀದಿಗೆ ಕಳಿಸುವಂತೆ ಆಜ್ಞೆ ಮಾಡಿದರು. ಏನು ಕೂಗಬೇಕೆಂಬುದು ನಿಯಮದಲ್ಲೇ ಇತ್ತು.

ಗುಮಾಸ್ತರು ಏಳುವಾಗ ಸಾಹೇಬರು ಮೇಜಿನ ಮೇಲಿನ ಗಾಜಿನ ಗುಂಡನ್ನು ತಿರುಗಿಸುತ್ತಾ ಮತ್ತೊಂದು ಮಾತು ಕೇಳಿದರು.

"ಎರಡು ಸೀಟಿಂದು ಅಂತ ಕೇಳಿದೆ. ಇನ್ನೊಂದು ಸೀಟು... ಖಾಲಿ ಇದೆಯೇನ್ರೀ?"

ಮೇಲಧಿಕಾರಿಗೆ ಇಲ್ಲ ಎನ್ನುವ ಅಭ್ಯಾಸ ನಮ್ಮ ಗುಮಾಸ್ತರಿಗಿಲ್ಲ. ತಲೆಯಾಡಿಸಿದರು.

ಸಂಜೆ ವ್ಯಾನು ಬಂತು. ಸದ್ಯಕ್ಕೆ ಗಾಬರಿಪಡುವ ಅಗತ್ಯವಿಲ್ಲ, ಸದ್ಯಕ್ಕೆ ಗಾಬರಿಪಡುವ ಅಗತ್ಯವಿಲ್ಲ ಎಂದು ಎರಡು ಸಲ ಕೂಗಿ ಮುಂದಿನ ತಿರುವಿಗೆ ಹೋಯಿತು. ಅದು ತಿರುವು ದಾಟುವಷ್ಟರಲ್ಲಿ ಅಂಗಡಿಗಳ ಷಟರುಗಳು ಒಂದರ ಹಿಂದೊಂದು ಧಡಧಡ ಬಿದ್ದವು. ಜನ ಹಾಸಿಗೆ ಸುತ್ತಿಕೊಂಡು ಮಹಡಿ ಹತ್ತಿದರು. ಆಟದ ಸಾಮಾನಿನ ಅಂಗಡಿಯ ಮಾರಾಟಗಾರ ಫೋನು ಮಾಡಿ, ಇದ್ದಬದ್ದ ದೋಣಿಗಳೆಲ್ಲ ಮಾರಿಹೋದವು, ನಿಮ್ಮ ಉಪಕಾರ ಮರೆಯುವುದಿಲ್ಲ ಎಂದು ಸತ್ತವರ ಮನೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದ.

ಮೂರನೇ ಮಹಡಿಗೆ ಮೊದಲು ಬಂದವರು ಮೇಷ್ಟ್ರು, ಕೈಯಲ್ಲಿ ಚೀಲ ಮತ್ತು ಛತ್ರಿ. ಅವರ ಹಿಂದೆ ಮಾಲೀಕರು, ಕಬ್ಬಿಣದ ಪೆಟ್ಟಿಗೆಯ ಸಮೇತ. ಅಣ್ಣ ಕನ್ನಡಕದ ಚೌಕಟ್ಟುಗಳನ್ನೆಲ್ಲ ದಿಂಬಿನ ಚೀಲವೊಂದಕ್ಕೆ ತುಂಬಿಕೊಂಡು ಬಂದ. ಕಡೆಯಲ್ಲಿ ಸಾಹೇಬರು, ಸೂಟ್‌ಕೇಸ್ ಹಿಡಿದು, ಯಾರೂ ಕೇಳದಿದ್ದರೂ ತಾನು ತಪಾಸಣೆಗೆ ಬಂದದ್ದು ಎಂದು ಹೇಳುತ್ತಾ. ನಾಲ್ವರೂ ದೋಣಿಯ ಸುತ್ತ ನಿಂತು ಒಬ್ಬರನ್ನೊಬ್ಬರು ನೋಡಿದರು. ಪ್ರತಿಯೊಬ್ಬರಿಗೂ ಉಳಿದವರು ಅಲ್ಲಿಗೆ ಯಾಕೆ ಬಂದರೆಂಬುದು ಅರ್ಥವಾಗಲಿಲ್ಲ, ಆಮೇಲೆ ಚೆನ್ನಾಗಿಯೇ ಅರ್ಥವಾಯಿತು.

ಅಲ್ಲಿ ನಡೆದ ಮಾತುಕತೆಯನ್ನೆಲ್ಲ ಬರೆಯಲು ಮರ್ಯಾದೆ ಅಡ್ಡಬರುತ್ತದೆ. ರಕ್ತಸಂಬಂಧ ಎಂದ ಅಣ್ಣ. ಹಾಗಾದರೆ ಈ ಗೋಡೆ ಯಾರದು, ದೋಣಿ ನಿಂತಿರುವ ನೆಲ ಯಾರದು ಎಂದರು ಮಾಲೀಕರು. ಸರ್ಕಾರಿ ನೌಕರನ ದೋಣಿ ತುರ್ತುಪರಿಸ್ಥಿತಿಯಲ್ಲಿ ಸರ್ಕಾರಕ್ಕೆ ಸೇರುತ್ತದೆ ಎಂದರು ಸಾಹೇಬರು. ಇವರೆಲ್ಲರಿಗೂ ಒಂದೇ ಸೀಟಿನ ಮಾತು ಕೊಟ್ಟ ಮನುಷ್ಯ ಮೂಲೆಯಲ್ಲಿ ಜಾಕೆಟ್ ತೊಟ್ಟು ನಿಂತಿದ್ದರು. ಅವರನ್ನು ಎಲ್ಲರೂ ಸೇರಿ ಸುಳ್ಳುಗಾರ, ಎರಡು ನಾಲಿಗೆಯವನು ಎಂದರು. ಮೇಷ್ಟ್ರು ನಾಲ್ಕು ನಾಲಿಗೆ ಎಂದು ತಿದ್ದಿದರು.

ಮೇಷ್ಟ್ರು ಎಷ್ಟೆಂದರೂ ಮೇಷ್ಟ್ರು. ಇದು ಗಲಾಟೆಯಿಂದ ಮುಗಿಯುವುದಿಲ್ಲ, ಕ್ರಮವಾಗಿ ಎಣಿಸೋಣ ಎಂದು ಛತ್ರಿಯನ್ನು ಬೆತ್ತದಂತೆ ಹಿಡಿದು ತಲೆಗಳನ್ನು ಲೆಕ್ಕ ಹಾಕತೊಡಗಿದರು. ಒಬ್ಬೊಬ್ಬರನ್ನೇ ತೋರಿಸುತ್ತಾ ಹೋದ ಛತ್ರಿ ಕಿಟಕಿಯ ಹತ್ತಿರ ಬಂದು ನಿಂತಿತು.

"ಅಲ್ರೀ," ಎಂದರು, "ನಿಮ್ಮ ಮನೆಯವರು ಎಲ್ಲಿ ಕೂತ್ಕೋತಾರೆ?"

ಎಲ್ಲರೂ ಕಿಟಕಿಯತ್ತ ತಿರುಗಿದರು. ಇಷ್ಟು ದಿನ ಬಂದು ಹೋಗುತ್ತಿದ್ದವರಿಗೆ ಅಲ್ಲೊಬ್ಬರು ಕೂತಿದ್ದಾರೆ ಎಂಬುದು ಆಗಲೇ ಕಂಡದ್ದು. ನಮ್ಮ ಗುಮಾಸ್ತರೂ ತಿರುಗಿದರು. ನಾಲ್ಕು ಜನಕ್ಕೆ ಹಂಚಿದ ಸೀಟು ಐದನೆಯವರಿಗೂ ಇರಬೇಕಿತ್ತು ಎಂಬುದು ಅವರ ತಲೆಗೆ ಬರಲು ಇಷ್ಟೆಲ್ಲ ಬೇಕಾಯಿತು.

ಆಕೆ ತಲೆಯೆತ್ತಲಿಲ್ಲ. ಹೊಲಿಗೆ ಮುಗಿದ ಪರದೆಯ ದಾರವನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡಿದರು.

"ನನ್ನ ಲೆಕ್ಕ ಹಾಕ್ಬೇಡಿ ಮೇಷ್ಟ್ರೇ," ಎಂದರು. "ನಂಗೆ ಈಜು ಬರುತ್ತೆ."

ನಾಲ್ವರಿಗೂ ನಿರಾಳವಾಯಿತು. ಒಂದು ತಲೆ ಕಡಿಮೆಯಾಯಿತಲ್ಲ. ಆ ಸಮಾಧಾನದಲ್ಲೇ, ಇನ್ನು ತಡಮಾಡಿದರೆ ಕೈತಪ್ಪುತ್ತದೆಂದು, ನಾಲ್ವರೂ ಒಟ್ಟಿಗೆ ದೋಣಿಗೆ ನುಗ್ಗಿದರು. ಪೆಟ್ಟಿಗೆ, ಸೂಟ್‌ಕೇಸ್, ದಿಂಬಿನ ಚೀಲ ಎಲ್ಲವೂ ನುಗ್ಗಿದವು. ಛತ್ರಿಯ ಮೊನೆಯೋ ಪೆಟ್ಟಿಗೆಯ ಮೂಲೆಯೋ ಗೊತ್ತಿಲ್ಲ, ಒಂದು ಬದಿಯ ಅರೆ ಉಸ್ ಎಂದು ದೀರ್ಘವಾಗಿ ನಿಟ್ಟುಸಿರು ಬಿಟ್ಟಿತು. ಉಳಿದೆರಡು ಅರೆಗಳು ಮಾರಾಟಗಾರ ಹೇಳಿದಂತೆಯೇ ಗಟ್ಟಿಯಾಗಿ ನಿಂತವು. ಪರಿಣಾಮವಾಗಿ ಊರಿನ ನಾಲ್ವರು ಗಣ್ಯರು ಒಣನೆಲದ ಮೇಲೆ, ಮೂರನೇ ಮಹಡಿಯಲ್ಲಿ, ಒಬ್ಬರ ಮೇಲೊಬ್ಬರಂತೆ ಎಡಕ್ಕೆ ಮಗುಚಿಕೊಂಡರು. ಎಲ್ಲರಿಗಿಂತ ಅಡಿಯಲ್ಲಿ ಸಾಹೇಬರಿದ್ದರು.

ಅಡಿಯಿಂದಲೇ ಅವರು ಕಾವಲುಗಾರನಿಗೆ ಫೋನು ಹಚ್ಚಲು ಗುಮಾಸ್ತರಿಗೆ ಹೇಳಿದರು. ನಂಬರು ಸಾಹೇಬರ ಬಳಿಯಿರಲಿಲ್ಲ. ಗುಮಾಸ್ತರು ಹಚ್ಚಿ, ಎಲ್ಲರಿಗೂ ಕೇಳುವಂತೆ ಫೋನನ್ನು ಮುಂದೆ ಹಿಡಿದರು. ನೀರು ಎಲ್ಲಿಗೆ ಬಂದಿದೆ ಎಂದು ಸಾಹೇಬರು ಗುಡುಗಿದರು. ಆ ಕಡೆಯಿಂದ ಮೊದಲು ಆಕಳಿಕೆ ಕೇಳಿಸಿತು.

"ನೀರಾ?" ಎಂದ ಕಾವಲುಗಾರ. "ಇಲ್ಲಿ ದನ ಮೇಯ್ತಿವೆ ಸಾರ್."

ಹೊರಡುವಾಗ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಸಾಹೇಬರು ತಪಾಸಣೆ ತೃಪ್ತಿಕರ ಎಂದರು. ಮಾಲೀಕರು ನಲ್ಲಿಯ ಖರ್ಚಿನ ಮಾತು ಆಮೇಲೆ ಆಡೋಣ ಎಂದರು. ಮೇಷ್ಟ್ರು ಬಾಗಿಲವರೆಗೆ ಹೋದವರು ವಾಪಸು ಬಂದು ಏಣಿಯನ್ನು ಎತ್ತಿಕೊಂಡು ಹೋದರು. ಅಣ್ಣ ನೆಲದ ಮೇಲೆ ಚೆಲ್ಲಿದ ಕನ್ನಡಕಗಳನ್ನು ಹುಡುಕಿ ಹುಡುಕಿ ಚೀಲಕ್ಕೆ ಹಾಕಿಕೊಂಡ. ಇನ್ನೂ ಸ್ವಲ್ಪ ಹೊತ್ತು ಇರು ಎಂದರು ಗುಮಾಸ್ತರು. ಅಂಗಡಿ ತೆಗೆಯಬೇಕು ಕಣೋ ಎಂದು ಅವನೂ ಹೋದ.

ಹಜಾರದಲ್ಲಿ ಇಬ್ಬರೇ ಉಳಿದರು. ಅರ್ಧ ಸತ್ತ ದೋಣಿ ನಡುವೆ ಬಿದ್ದಿತ್ತು. ಗುಮಾಸ್ತರು ಅದನ್ನು ಬಳಸಿಕೊಂಡು ಕಿಟಕಿಯ ಹತ್ತಿರ ಬಂದು ನಿಂತರು. ಈಜು ಯಾವಾಗ ಕಲಿತೆ ಎಂದು ಕೇಳಿದರು. ಮದುವೆಗೆ ಮುಂಚೆ, ಬಹುಮಾನವೂ ಬಂದಿತ್ತು ಎಂದು ಆಕೆ ಹೇಳಿದರು. ಯಂತ್ರಕ್ಕೆ ಹೊಸ ದಾರ ಪೋಣಿಸುತ್ತಾ, ಇವತ್ತಿನ ತರಕಾರಿಯ ವಿಷಯ ಹೇಳುವ ಹಾಗೆ ಹೇಳಿದರು. ಇಷ್ಟು ವರ್ಷ ಒಂದೇ ಸೂರಿನಡಿಯಲ್ಲಿದ್ದು ಇದು ತನಗೆ ಗೊತ್ತಿರಲಿಲ್ಲವಲ್ಲ ಎಂದು ಗುಮಾಸ್ತರಿಗೆ ನಾಚಿಕೆಯೂ ಆಯಿತು, ಒಂದು ಥರ ಭಯವೂ ಆಯಿತು. ಇನ್ನೇನೇನು ಗೊತ್ತಿಲ್ಲವೋ.

"ಭಾನುವಾರ ನೀನು ಬರ್ತೀಯಾ?" ಎಂದರು.

ಯಂತ್ರದ ಚಕ್ರದ ಮೇಲೆ ಆಕೆಯ ಕೈ ನಿಂತಿತು.

"ಯಾರೂ ಸಿಗ್ಲಿಲ್ಲ ಅಂತ ಕೇಳ್ತಿದ್ದೀರಾ?"

ಹಾಗಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಒಂದು ವಾರವಿಡೀ ಊರಿಗೆಲ್ಲ ತಲೆಯಾಡಿಸಿದ ಮನುಷ್ಯನಿಗೆ ಇನ್ನೊಂದು ಸಲ ಆಡಿಸುವುದು ಕಷ್ಟವಿರಲಿಲ್ಲ. ಆದರೆ ಅವರು ನಿಜ ಹೇಳುವ ಸಮಯಗಳು ಯಾವಾಗಲೂ ಹೀಗೆಯೇ.

"ಹೌದು," ಎಂದರು.

ಆಕೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ತುಸು ಯೋಚಿಸಿ, ಭಾನುವಾರ ಬೆಳಗ್ಗೆ ತಿಂಡಿ ಕಟ್ಟಿಕೊಡುತ್ತೇನೆ, ಒಬ್ಬರಿಗೆ ಸಾಕಾಗುವಷ್ಟು ಮಾಡುತ್ತೇನೆ ಎಂದು ಹೇಳಿ ಯಂತ್ರ ತಿರುಗಿಸಿದರು.

ಭಾನುವಾರ ಗುಮಾಸ್ತರು ತೇಪೆ ಹಾಕಿದ ದೋಣಿಯನ್ನು ಬಾಡಿಗೆ ಗಾಡಿಯಲ್ಲಿ ಹೇರಿಕೊಂಡು ಕೆರೆಗೆ ಹೋದರು. ಇಬ್ಬರು ಹೊರಬೇಕಾದ ಚೀಲವನ್ನು ಎಳೆದು, ನಿಂತು, ಎಳೆದು ದಡಕ್ಕೆ ತಂದರು. ಗಾಳಿ ತುಂಬುವಷ್ಟರಲ್ಲಿ ಉಸಿರು ಬಾಯಿಗೆ ಬಂದಿತ್ತು. ಮೋಡ ಹಾಗೆಯೇ ಇತ್ತು, ಕೆರೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕೆರೆಯ ಗಾರ್ಡ್ ಕೊರಳಿಗೆ ವಿಸಿಲ್ ತೂಗುಹಾಕಿಕೊಂಡು ಬಂದು ದೋಣಿಯನ್ನು ನೋಡಿದ. ಮುಂದಿನ ಖಾಲಿ ಸೀಟನ್ನು ನೋಡಿದ.

"ಇನ್ನೊಬ್ಬರು ಎಲ್ಲಿ ಸಾರ್?" ಎಂದ.

ಗುಮಾಸ್ತರು ಬೆನ್ನು ನೆಟ್ಟಗೆ ಮಾಡಿಕೊಂಡರು. ಜೀವನದಲ್ಲಿ ಮೊದಲ ಸಲ ಅವರ ದನಿಯಲ್ಲಿ ಹೆಮ್ಮೆಯಂಥದ್ದೊಂದು ಕೇಳಿಸಿತು.

"ನಮ್ಮ ಮನೆಯವ್ರು," ಎಂದರು. "ಅವರಿಗೆ ದೋಣಿ ಬೇಡ. ಈಜು ಬರುತ್ತೆ."

ಗಾರ್ಡ್ ಥಟ್ಟನೆ ಕೆರೆಯ ಕಡೆ ತಿರುಗಿದ. ವಿಸಿಲ್ಲನ್ನು ಬಾಯಿಗಿಟ್ಟುಕೊಂಡು, ಕೈಯನ್ನು ಹಣೆಗೆ ಹಿಡಿದು, ಈ ದಡದಿಂದ ಆ ದಡದ ತನಕ ನೀರಿನ ಮೇಲೆ ಒಂದು ತಲೆಯನ್ನು ಹುಡುಕತೊಡಗಿದ. ಸ್ವಲ್ಪ ಹೊತ್ತಿಗೆ ನಮ್ಮ ಗುಮಾಸ್ತರೂ ಅವನ ಪಕ್ಕ ನಿಂತು ಹುಡುಕಿದರು.